ಬಿಸಿಲು ಮತ್ತು ಚರ್ಮದ ಎಳೆ

(ಶಾಲೆಯ ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಹಳೆಯ ವಿದ್ಯಾರ್ಥಿ ಬಂದರೆ ‘ಕಷ್ಟಪಟ್ಟು ಓದಿ’ ಎಂದು ಹೇಳಿ ಶಾಲು ಹೊದ್ದು ಹೋಗುವುದು ವಾಡಿಕೆ. ಆ ಮಾತನ್ನು ನಿಮಗೆ ಮೇಷ್ಟ್ರು ದಿನಾ ಹೇಳುತ್ತಾರೆ. ನಾನು ಬಿಸಿಲಿನ ವಿಷಯ ಮಾತಾಡುತ್ತೇನೆ. ನಾನು ಡಾಕ್ಟರಲ್ಲ, ಓದಿದ್ದು ಬಿ.ಇ. ಆದರೆ ಕೆಲವು ವರ್ಷಗಳಿಂದ ನನ್ನ ಕೆಲಸ, ಸೂಕ್ಷ್ಮದರ್ಶಕದಲ್ಲಿ ತೆಗೆದ ಚರ್ಮದ ಚಿತ್ರಗಳನ್ನು ವಿಂಗಡಿಸುವ ತಂತ್ರಾಂಶ ಬರೆಯುವುದು. ಚಿತ್ರದಲ್ಲಿ ಏನಿದೆ ಎಂದು ಕಂಪ್ಯೂಟರಿಗೆ ಕಲಿಸಬೇಕಾದರೆ ಮೊದಲು ನಾನು ಕಲಿಯಬೇಕಲ್ಲ, ಹಾಗೆ ಡಾಕ್ಟರುಗಳ ಪಕ್ಕ ಕೂತು ಕಲಿತದ್ದು ಇದು.

ಈಗ ಎಲ್ಲರೂ ನಿಮ್ಮ ಅಂಗೈಯ ಹಿಂಭಾಗದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಡಿ. ಮಕ್ಕಳದ್ದು ತಟ್ಟನೆ ಕೂತುಬಿಡುತ್ತದೆ. ಹಿರಿಯರದ್ದು ಸ್ವಲ್ಪ ಹೊತ್ತು ಗೋಪುರದ ಹಾಗೆ ನಿಲ್ಲುತ್ತದೆ. (ನಗಬೇಡಿ, ನಿಮಗೂ ವಯಸ್ಸಾಗುತ್ತದೆ.) ಹಾಗೆ ಹಿಂದಕ್ಕೆ ಎಳೆದುಕೊಳ್ಳುವುದು ಒಳಚರ್ಮದಲ್ಲಿರುವ ಸಣ್ಣ ಎಳೆಗಳು. ಅವುಗಳ ಮುಖ್ಯ ವಸ್ತು ಎಲಾಸ್ಟಿನ್ ಎಂಬ ಪ್ರೋಟೀನು. ಒಳಚರ್ಮದ ಬಹುಪಾಲು ಕೊಲಾಜೆನ್. ಅದು ಹಗ್ಗದ ಹಾಗೆ ಬಿಗಿಯಾಗಿ ಹಿಡಿಯುತ್ತದೆ. ಎಲಾಸ್ಟಿನ್ ಇರುವುದು ಬಹಳ ಕಡಿಮೆ, ಒಣ ತೂಕದಲ್ಲಿ 2ರಿಂದ 4%. ಹಿಗ್ಗಿದ ಚರ್ಮ ಹಿಂದಕ್ಕೆ ಬರುವುದು ಮಾತ್ರ ಆ ಸ್ವಲ್ಪದ ದಯೆಯಿಂದ.

ಇಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿ ಒಂದಿದೆ. ಗಾಯವಾದರೆ ದೇಹ ಕೊಲಾಜೆನ್ ಮತ್ತೆ ಮಾಡಿಕೊಳ್ಳುತ್ತದೆ. ಎಲಾಸ್ಟಿನ್ ಹಾಗಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಬೆಳೆಯುವ ವಯಸ್ಸಿನವರೆಗೆ ದೇಹ ಅದನ್ನು ನೇಯುತ್ತದೆ, ಆಮೇಲೆ ಮಗ್ಗ ಹೆಚ್ಚುಕಡಿಮೆ ನಿಲ್ಲುತ್ತದೆ. ಒಂದು ಸಲ ನೇಯ್ದದ್ದು ಸುಮಾರು 70 ವರ್ಷ ಬಾಳಬಲ್ಲದು. ಅಂದರೆ ನಿಮ್ಮ ಅಜ್ಜಿಯ ಕತ್ತಿನಲ್ಲಿರುವ ಸರಿಯಾದ ಎಳೆ, ಅವರು ಲಂಗ ಉಟ್ಟು ಓಡಾಡುತ್ತಿದ್ದ ಕಾಲದ್ದು. ನಿಮಗೆ ಎಪ್ಪತ್ತಾದಾಗ ಬೇಕಾಗುವ ಎಳೆ ಈಗ, ಈ ಬೆಂಚಿನ ಮೇಲೆ ಕೂತಿರುವಾಗ ನಿಮ್ಮಲ್ಲಿದೆ.

ಇನ್ನು ಬಿಸಿಲು. ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಲ್ಲಿ ನಮ್ಮವರೆಗೆ ತಲುಪುವುದು ಎರಡು ಬಗೆ. ‘ಬಿ’ ಕಿರಣ ಬಹುತೇಕ ಹೊರಚರ್ಮದಲ್ಲೇ ನಿಲ್ಲುತ್ತದೆ, ಸುಟ್ಟ ಹಾಗೆ ಕೆಂಪಾಗುವುದು ಅದರಿಂದ. 315ರಿಂದ 400 ನ್ಯಾನೋಮೀಟರ್ ಅಲೆಯುದ್ದದ ‘ಎ’ ಕಿರಣ ಉರಿಸುವುದಿಲ್ಲ, ಸದ್ದಿಲ್ಲದೆ ಒಳಚರ್ಮದವರೆಗೆ ಇಳಿಯುತ್ತದೆ. ಎರಡರ ಪೆಟ್ಟಿಗೂ ಜೀವಕೋಶಗಳು ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ಬಿಡುತ್ತವೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಗ್ಯಾರಿ ಫಿಶರ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ್ದೇನೆಂದರೆ, ಚರ್ಮ ಕೆಂಪಾಗುವಷ್ಟೂ ಕಿರಣ ಬೀಳಬೇಕಾಗಿಲ್ಲ, ಅದಕ್ಕಿಂತ ಕಡಿಮೆಗೇ ಈ ಕತ್ತರಿಗಳು ಕೆಲಸ ಶುರುಮಾಡುತ್ತವೆ.

ದಿನಾ ಬಿಸಿಲಲ್ಲಿ ಒಣಗಿಸಿದ ಚಡ್ಡಿಯ ಎಲಾಸ್ಟಿಕ್ ಸಡಿಲವಾಗುವುದು ನಿಮಗೆ ಗೊತ್ತು. ಚರ್ಮದಲ್ಲೂ ಎಳೆ ಸವೆದು ಇಲ್ಲವಾಗುತ್ತದೆ ಎಂದೇ ನಾನು ತಿಳಿದಿದ್ದೆ. ಚಿತ್ರಗಳು ಬೇರೆ ಹೇಳಿದವು. ಮಾಮೂಲಿ ಬಣ್ಣ ಹಾಕಿದರೆ ಒಳಚರ್ಮ ತಿಳಿಗುಲಾಬಿಯಾಗಿ ಕಾಣಬೇಕು. ಬಹಳ ಬಿಸಿಲು ಕಂಡ ಮುಖ, ಕತ್ತಿನ ತುಣುಕಿನಲ್ಲಿ ಹೊರಚರ್ಮದ ಕೆಳಗೆ ಬೂದು ನೀಲಿಯ ಮುದ್ದೆ ಮುದ್ದೆ ಕಾಣುತ್ತದೆ. ಅದು ಎಲಾಸ್ಟಿನ್ನೇ! ಮುರಿದ ಹಳೆಯ ಎಳೆಗಳ ಜೊತೆಗೆ ಜೀವಕೋಶಗಳು ಗಾಬರಿಯಿಂದ ಹೊಸದನ್ನೂ ಸುರಿದಿರುತ್ತವೆ. ಆದರೆ ನೇಯ್ಗೆ ಇಲ್ಲ, ಬೆಕ್ಕು ಎಳೆದಾಡಿದ ನೂಲಿನುಂಡೆಯ ಹಾಗೆ ಸಿಕ್ಕು. ವಸ್ತು ಹೆಚ್ಚಾಗಿದೆ, ಕೆಲಸಕ್ಕೆ ಬಾರದು. ಇದನ್ನು ಸೋಲಾರ್ ಎಲಾಸ್ಟೋಸಿಸ್ ಎನ್ನುತ್ತಾರೆ.

ಇದನ್ನು ಮೊದಲು ಗಮನಿಸಿದ್ದು ಸೌಂದರ್ಯ ತಜ್ಞರಲ್ಲ. 1890ರ ದಶಕದಲ್ಲಿ ಜರ್ಮನಿಯ ಹ್ಯಾಂಬರ್ಗಿನ ವೈದ್ಯ ಪಾಲ್ ಗೆರ್ಸನ್ ಉನ್ನಾ ಹಡಗಿನ ನಾವಿಕರ ಚರ್ಮ ನೋಡಿ ಬರೆದರು. ಅದೇ ಹೊತ್ತಿಗೆ ಫ್ರಾನ್ಸಿನ ಬೋರ್ಡೊದಲ್ಲಿ ವಿಲಿಯಂ ಡುಬ್ರೈ ದ್ರಾಕ್ಷಿ ತೋಟದ ಆಳುಗಳಲ್ಲಿ ಇಂಥದ್ದನ್ನು ಕಂಡರು. ಆ ಚರ್ಮಗಳಲ್ಲಿ ಕ್ಯಾನ್ಸರೂ ಇತ್ತು. ಅಂದರೆ ಈ ವಿಜ್ಞಾನ ಹುಟ್ಟಿದ್ದೇ ಕೂಲಿಯವರ ಕತ್ತಿನಲ್ಲಿ. ನಮ್ಮ ನಾಲೆ ಬಯಲಿನಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡುವವರ ಕತ್ತಿನ ಹಿಂದೆ ಚೌಕ ಚೌಕ ಗೆರೆ ಬೀಳುತ್ತದಲ್ಲ, ಡಾಕ್ಟರರ ಪುಸ್ತಕದಲ್ಲಿ ಅದಕ್ಕೊಂದು ಉದ್ದನೆಯ ಲ್ಯಾಟಿನ್ ಹೆಸರೇ ಇದೆ.

ವಯಸ್ಸಾದರೆ ಸುಕ್ಕು ಬೀಳದೆ ಇರುತ್ತದೆಯೇ ಎಂದು ನೀವು ಕೇಳಬಹುದು. ಬೀಳುತ್ತದೆ. ಆದರೆ ಅಜ್ಜಿಯ ಮೇಲ್ತೋಳಿನ ಒಳಭಾಗ ನೋಡಿ, ರವಿಕೆಯ ಮರೆಯಲ್ಲಿದ್ದದ್ದು. ಅದೇ ಮೈ, ಅದೇ ವಯಸ್ಸು, ಚರ್ಮ ಎಷ್ಟು ನಯವಾಗಿದೆ! ಆ ವ್ಯತ್ಯಾಸವೇ ಬಿಸಿಲಿನ ಪಾಲು. 2012ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ಸರಕು ಲಾರಿ ಚಾಲಕರೊಬ್ಬರ ಫೋಟೋ ಬಂತು. 69 ವರ್ಷ ವಯಸ್ಸು, 28 ವರ್ಷ ಚಾಲನೆ. ಮುಖದ ಎಡಭಾಗಕ್ಕೆ ಬಲಭಾಗಕ್ಕಿಂತ ಬಹಳ ವಯಸ್ಸಾದಂತೆ ಕಾಣುತ್ತಿತ್ತು. ಅಲ್ಲಿ ಸ್ಟೀರಿಂಗ್ ಎಡಕ್ಕೆ. ಪಕ್ಕದ ಕಿಟಕಿ ಗಾಜು ‘ಬಿ’ಯನ್ನು ತಡೆಯುತ್ತದೆ, ‘ಎ’ಯನ್ನು ಬಿಟ್ಟುಬಿಡುತ್ತದೆ. ನಮ್ಮ ಲಾರಿ, ಬಸ್ಸಿನ ಚಾಲಕರಿಗೆ ಬಲಗೆನ್ನೆಯೇ ಕಿಟಕಿಯ ಕಡೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತು. ಈ ಶಾಲೆಯಲ್ಲಿ ನನ್ನ ಜೊತೆ ಓದಿದ ಇಬ್ಬರು ಹುಡುಗಿಯರು ಒಳ್ಳೆಯ ಕಬಡ್ಡಿ ಆಟಗಾರ್ತಿಯರು. ‘ಬಿಸಿಲಲ್ಲಿ ಕಪ್ಪಾಗ್ತೀಯ, ನಾಳೆ ಗಂಡು ಒಪ್ಪಲ್ಲ’ ಅಂತ ಮನೆಯಲ್ಲಿ ಬಿಡಿಸಿದರು. ಈಗಲೂ ಆ ಮಾತು ನಿಂತಿಲ್ಲ ಎಂದು ಕೇಳಿದ್ದೇನೆ. ತಂದೆತಾಯಂದಿರೇ, ಕಪ್ಪಾಗುವುದು ರೋಗವಲ್ಲ. ಅದು ಚರ್ಮ ತಾನೇ ಹಿಡಿಯುವ ಕೊಡೆ. (ಕೊಡೆ ಬಿಚ್ಚಿದೆ ಎಂದರೆ ಮಳೆ ಬಂದಿದೆ ಎಂದೇ ಅರ್ಥ, ಅದೂ ನಿಜ.) 1979ರಲ್ಲಿ ಪ್ರಕಟವಾದ ಒಂದು ಅಳತೆಯಲ್ಲಿ ಬಿಳಿಯರ ಹೊರಚರ್ಮ ದಾಟಿ ಸುಮಾರು 55% ‘ಎ’ ಕಿರಣ ಒಳಹೋದರೆ, ಆಫ್ರಿಕಾ ಮೂಲದ ಕಪ್ಪು ಜನರಲ್ಲಿ ಹೋದದ್ದು ಸುಮಾರು 18%. ನಮ್ಮ ಬಣ್ಣಕ್ಕೂ ಅದರಲ್ಲಿ ಪಾಲಿದೆ. ಆ ಕೊಡೆಯನ್ನು ತೆಗೆದುಹಾಕಲು ನಾವು ದುಡ್ಡು ಕೊಟ್ಟು ಕ್ರೀಮು ತರುತ್ತೇವೆ! ಬೆಳ್ಳಗಾಗಲು ಅಂತ ಕೆಲವರು ಮೆಡಿಕಲ್ ಸ್ಟೋರಿನಿಂದ ಸ್ಟೆರಾಯ್ಡ್ ಮುಲಾಮು ತಂದು ಹಚ್ಚಿಕೊಳ್ಳುತ್ತಾರೆ. ಅದು ಚರ್ಮವನ್ನೇ ತೆಳ್ಳಗೆ ಮಾಡುತ್ತದೆ. ದಯವಿಟ್ಟು ನಿಲ್ಲಿಸಿ.

ಬಿಸಿಲಿಗೆ ಹೆದರಿ ಒಳಗೆ ಕೂರಿ ಎಂದೂ ಅಲ್ಲ. ಮೂಳೆಗೆ ಬೇಕಾದ ಡಿ ಜೀವಸತ್ವ ಹೆಚ್ಚಾಗಿ ಬಿಸಿಲಿನಿಂದಲೇ ಬರುತ್ತದೆ. ಹೊತ್ತು ನೋಡಿಕೊಂಡರೆ ಸಾಕು. ಗಡಿಯಾರ ಬೇಡ, ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರು. ನಮ್ಮಲ್ಲಿ ಏಪ್ರಿಲ್ ಕೊನೆಗೆ, ಆಗಸ್ಟಿನಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಗೇ ಬರುತ್ತಾನೆ. ಸನ್‌ಸ್ಕ್ರೀನ್ ಸುಳ್ಳೇ ಎಂದರೆ, ಅಲ್ಲ. ಆಸ್ಟ್ರೇಲಿಯಾದ ನ್ಯಾಂಬರ್ ಊರಿನಲ್ಲಿ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದಾಗ, ದಿನಾ ಹಚ್ಚಿದವರ ಕೈಯ ಹಿಂಭಾಗದ ಚರ್ಮ ಮಾಗಿದ್ದು ಮನಸ್ಸು ಬಂದಾಗ ಹಚ್ಚಿದವರಿಗಿಂತ 24% ಕಡಿಮೆ. ಆದರೆ ನಾಟಿಗೆ ಹೋಗುವ ಅವ್ವ ದಿನಕ್ಕೆ ಎರಡು ಮೂರು ಸಲ ಅದನ್ನು ಹಚ್ಚುವುದು ಆಗದ ಮಾತು. ತಲೆ, ಕತ್ತು ಮುಚ್ಚುವ ಟವೆಲ್, ಹಳೆಯ ತುಂಬುತೋಳಿನ ಶರಟು ಅದಕ್ಕಿಂತ ಗಟ್ಟಿ. ದಕ್ಷಿಣ ಕನ್ನಡದವರ ಅಡಿಕೆ ಹಾಳೆಯ ಮುಟ್ಟಾಳೆ ಇದ್ದರೆ ಇನ್ನೂ ಒಳ್ಳೆಯದು.

ಹೆಡ್‌ಮಾಸ್ಟರ್ ಅವರಲ್ಲಿ, ಪಿ.ಟಿ. ಮೇಷ್ಟ್ರಲ್ಲಿ ನನ್ನದೊಂದು ಬೇಡಿಕೆ. ಆಟದ ಪೀರಿಯಡ್ಡನ್ನು ಮಧ್ಯಾಹ್ನದಿಂದ ಸಂಜೆ ನಾಲ್ಕರ ನಂತರಕ್ಕೆ ಸರಿಸಿ, ಹುಡುಗಿಯರ ಕಬಡ್ಡಿ ತಂಡ ಮತ್ತೆ ಕಟ್ಟಿ. ಮೈದಾನದ ಪಡುವಣ ಬದಿ ಬೋಳಾಗಿದೆ. ಅಲ್ಲಿಗೆ ನಲವತ್ತು ಹೊಂಗೆ ಸಸಿ ನಮ್ಮ ಬ್ಯಾಚಿನವರು ಕೊಡುತ್ತೇವೆ, ಮೇಕೆ ಬಾರದ ಹಾಗೆ ಬೇಲಿಯ ಖರ್ಚೂ ನಮ್ಮದೇ. ಬೇಸಿಗೆ ರಜೆಯಲ್ಲಿ ನೀರು ಹುಯ್ಯುವವರು ಯಾರು ಎಂದು ಒಂಬತ್ತನೇ ತರಗತಿಯವರು ಇವತ್ತೇ ಹೆಸರು ಬರೆದುಕೊಟ್ಟರೆ ಸಸಿಗೆ ನಾಳೆಯೇ ಹೇಳಿಕಳಿಸುತ್ತೇನೆ.