ಇಬ್ಭಾಗವಾದ ಮನೆಗಳು, ಮಕ್ಕಳ ಕಥೆಗಳು

ಮಕ್ಕಳಿಗೆ ಇತಿಹಾಸವನ್ನು ಕಥೆಯಾಗಿ ಹೇಳುವದು ನಮಗೆ ಹೊಸತಲ್ಲ. ಅರಸರ ಶೌರ್ಯ, ಕೋಟೆಯ ಮುತ್ತಿಗೆ, ಸ್ವಾಮಿನಿಷ್ಠ ಬಂಟನ ಬಲಿದಾನ ಇವನ್ನೆಲ್ಲ ಬಲು ಉತ್ಸಾಹದಿಂದ ಹೇಳುತ್ತೇವೆ. ಆದರೆ ವೈರಿಯು ಹೊರಗಿನಿಂದ ಬಾರದೆ ಮನೆಯೊಳಗಿನಿಂದಲೇ ಎದ್ದ ಕಾಲದ ಕಥೆಯನ್ನು ಹೇಳಬೇಕಾಗಿ ಬಂದಾಗ ನಮ್ಮ ನಾಲಗೆ ತಡವರಿಸುತ್ತದೆ. ಅಣ್ಣ ಒಂದು ಪಕ್ಷ, ತಮ್ಮ ಇನ್ನೊಂದು ಪಕ್ಷ ಎಂದೊಡನೆ ಮಗು ಕೇಳುವದು: "ಹಾಗಾದರೆ ಒಳ್ಳೆಯವರು ಯಾರು?" ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಉತ್ತರವಿಲ್ಲವೆಂದು ಕಥೆಯನ್ನೇ ಬಿಟ್ಟುಬಿಡುವದು ಸರಿಯೆ? ಈ ವಿಷಯವನ್ನು ವಾಚಕರಾದ ನಿಮ್ಮೊಡನೆ ಕೂಡಿ ವಿಚಾರಿಸಬೇಕೆಂದಿದ್ದೇನೆ.

ಬೇರೆ ದೇಶದವರು ಇಂಥ ಕಥೆಗಳನ್ನು ಮಕ್ಕಳಿಗಾಗಿಯೇ ಬರೆದಿದ್ದಾರೆ. ಇಂಗ್ಲೆಂಡಿನಲ್ಲಿ 1642ರಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿದ ಸಂಗತಿ ನಿಮಗೆ ಗೊತ್ತಿದೆ. ಅದನ್ನು ಹಿಡಿದು ಕ್ಯಾಪ್ಟನ್ ಮ್ಯಾರಿಯಟ್ ಎಂಬಾತನು 1847ರಲ್ಲಿಯೇ ಕಾಡಿನಲ್ಲಿ ಅಡಗಿ ಬದುಕಿದ ಅನಾಥ ಮಕ್ಕಳ ಕಾದಂಬರಿಯನ್ನು ಬರೆದನು. ನೂರು ವರ್ಷಗಳ ಮೇಲೆ, 1953ರಲ್ಲಿ, ರೋಸ್‌ಮರಿ ಸಟ್‌ಕ್ಲಿಫ್ ಎಂಬಾಕೆ 'ಸೈಮನ್' ಎಂಬ ಕೃತಿಯಲ್ಲಿ ಒಬ್ಬರನ್ನೊಬ್ಬರು ಬಿಟ್ಟಿರದ ಇಬ್ಬರು ಗೆಳೆಯರನ್ನು ಅದೇ ಯುದ್ಧದ ಎರಡು ದಂಡುಗಳಲ್ಲಿ ನಿಲ್ಲಿಸಿದಳು. ಅಮೇರಿಕೆಯಲ್ಲಿ ಐರೀನ್ ಹಂಟ್ ಎಂಬಾಕೆ 1964ರಲ್ಲಿ ಬರೆದ 'ಅಕ್ರಾಸ್ ಫೈವ್ ಏಪ್ರಿಲ್ಸ್' ಎಂಬ ಕಾದಂಬರಿಯಲ್ಲಿ ಒಂಬತ್ತು ವರ್ಷದ ಜೆಥ್ರೊ ಎಂಬ ರೈತನ ಹುಡುಗನಿದ್ದಾನೆ. 1861ರಲ್ಲಿ ಅಂತರ್ಯುದ್ಧ ಮೊದಲಾದಾಗ ಅವನ ಒಬ್ಬ ಅಣ್ಣ ದಕ್ಷಿಣದವರನ್ನು ಸೇರುತ್ತಾನೆ. ಉಳಿದವರು ಉತ್ತರದ ಸೈನ್ಯಕ್ಕೆ ಹೋಗುತ್ತಾರೆ. ನೆರೆಯವರ ಸಿಟ್ಟು ಆ ಮನೆಯ ಮೇಲೆ ತಿರುಗಿ ಕೊಟ್ಟಿಗೆಗೆ ಬೆಂಕಿ ಬೀಳುತ್ತದೆ. ಈ ಕಥೆಗೆ ಆಧಾರ ಲೇಖಕಿಯ ಅಜ್ಜ ಹೇಳಿದ ಮಾತುಗಳು. ಅಜ್ಜ ಹೇಳಿದ್ದನ್ನು ಮೊಮ್ಮಗಳು ಬರೆದಿಟ್ಟಳು ಎಂಬಷ್ಟನ್ನು ಇಲ್ಲಿ ನೆನಪಿಡಿರಿ.

ಇನ್ನು ನಮ್ಮ ನೆಲಕ್ಕೆ ಬರೋಣ. ದಾಯಾದಿಗಳ ಕಲಹವನ್ನು ಕನ್ನಡಿಗರು ಅರಿಯದವರಲ್ಲ. ಪಂಪನು ಕ್ರಿ.ಶ. 941ರ ಸುಮಾರಿಗೆ ಭಾರತದ ಕಥೆಯನ್ನು ಕನ್ನಡಿಸಿದಾಗ, ತಮ್ಮಂದಿರ ಎದುರು ಪಾಳಯದಲ್ಲಿ ನಿಂತ ಕರ್ಣನನ್ನು ಮರೆಯಲಾಗದಂತೆ ಚಿತ್ರಿಸಿದನು. ಆಗ ಕನ್ನಡನಾಡನ್ನು ಆಳುತ್ತಿದ್ದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅದುವೇ ಸೇಡಂ ತಾಲೂಕಿನ, ಕಾಗಿಣಾ ನದಿಯ ದಂಡೆಯ ಮಳಖೇಡ. ಶಾಲೆಯ ಮಕ್ಕಳನ್ನು ಅಲ್ಲಿಗೆ ಸಹಲಿಗೆ ಕರೆದೊಯ್ಯುತ್ತೇವೆ, ಕೋಟೆ ತೋರಿಸುತ್ತೇವೆ, ಬುತ್ತಿ ಬಿಚ್ಚಿ ಉಣ್ಣುತ್ತೇವೆ. ಆ ಅರಸು ಮನೆತನವು ಮೂರು ತಲೆಮಾರು ಒಳಜಗಳದಲ್ಲಿ ಬೆಂದ ಕಥೆಯನ್ನು ಮಾತ್ರ ಹೇಳುವದಿಲ್ಲ.

ಧ್ರುವನು ಹಿರಿಯ ಮಗ ಸ್ತಂಭನನ್ನು ಬಿಟ್ಟು ಕಿರಿಯನಾದ ಗೋವಿಂದನಿಗೆ ಪಟ್ಟವನ್ನು ಕೊಟ್ಟನು. ಅಣ್ಣ ಹನ್ನೆರಡು ಅರಸರನ್ನು ಕೂಡಿಸಿಕೊಂಡು ತಮ್ಮನ ಮೇಲೆ ಎದ್ದನು, ಸೋತನು. ತಮ್ಮನು ಅಣ್ಣನನ್ನು ಕೊಲ್ಲಲಿಲ್ಲ. ಕ್ಷಮಿಸಿ, ಗಂಗವಾಡಿಯ ಆಡಳಿತವನ್ನು ಮರಳಿ ಒಪ್ಪಿಸಿದನು. ಆ ಗೋವಿಂದನ ಮಗನೇ ಅಮೋಘವರ್ಷ ನೃಪತುಂಗ. 814ರಲ್ಲಿ ಸಿಂಹಾಸನವೇರಿದಾಗ ಅವನಿಗೆ ಸುಮಾರು ಹದಿನಾಲ್ಕು ವರ್ಷ, ಅಂದರೆ ನಮ್ಮ ಒಂಬತ್ತನೆಯ ಇಯತ್ತೆಯ ಹುಡುಗನ ವಯಸ್ಸು. ಸಾಮಂತರೂ ಬಂಧುಗಳೂ ತಿರುಗಿಬಿದ್ದರು. ಗುಜರಾತದ ಲಾಟ ದೇಶವನ್ನು ಆಳುತ್ತಿದ್ದ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳ ಪೈಕಿಯ ಕರ್ಕನು ಬೆನ್ನಿಗೆ ನಿಂತು, 821ರ ಹೊತ್ತಿಗೆ ಅವನನ್ನು ಮತ್ತೆ ಗದ್ದುಗೆಯ ಮೇಲೆ ಕೂಡಿಸಿದನು. ಹೀಗೆ ರಕ್ತಸಂಬಂಧಿಗಳಿಂದಲೇ ಕೆಟ್ಟು ರಕ್ತಸಂಬಂಧಿಯಿಂದಲೇ ಬದುಕಿದ ಬಾಲಕ ಮುಂದೆ ಮುದುಕನಾದಾಗ ಸ್ವಂತ ಮಗನೇ ವೈರಿಗಳ ಕಡೆ ಹೋದನೆಂದು ಕೊಣ್ಣೂರಿನ ಶಾಸನ ಹೇಳುತ್ತದೆ. ಆ ಮಗನೇ ಕೃಷ್ಣನೆಂದು ವಿದ್ವಾಂಸರ ಮತ. ಕಡೆಗೆ ತಂದೆಯ ತರುವಾಯ ರಾಜ್ಯವನ್ನು ಆಳಿದವನೂ ಅವನೇ. ಪ್ರಜೆಗಳ ಸಂಕಟ ಕಳೆಯಲೆಂದು ಅಮೋಘವರ್ಷನು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನದ ತಾಮ್ರಶಾಸನದಲ್ಲಿದೆ. ಮಕ್ಕಳ ಕಾದಂಬರಿಗೆ ಇದಕ್ಕಿಂತ ಹೆಚ್ಚಿನ ಸಾಮಗ್ರಿ ಏನು ಬೇಕು? 'ನೃಪತುಂಗನು ಕನ್ನಡದ ಅರಸು' ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಿ ನಾವು ತೃಪ್ತರಾಗಿದ್ದೇವೆ.

ಮಳಖೇಡದ ಕಥೆ ಸಾವಿರ ವರ್ಷ ಹಳೆಯದು, ಹೇಳಲು ಭಯವಿಲ್ಲ. ಇನ್ನೊಂದು ಕಥೆ ನಮ್ಮ ಅಜ್ಜ-ಅಜ್ಜಿಯರದು. ಅದು 1947-48ರ ಹೈದರಾಬಾದ ಸಂಸ್ಥಾನದ್ದು. ಅಂತರ್ಯುದ್ಧವೆಂಬ ಹೆಸರು ಅದಕ್ಕೆ ಬಿದ್ದಿಲ್ಲ. ಆದರೆ ಊರು ಊರಿನೊಳಗೆ, ಕೆಲವೆಡೆ ಮನೆ ಮನೆಯೊಳಗೆ ಒಡೆದದ್ದು ನಿಜ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮರು ಭಾರತದಲ್ಲಿ ಕೂಡಲಿಲ್ಲ. 1947ರ ನವೆಂಬರ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಕಾಸಿಂ ರಜವಿಯ ರಜಾಕಾರರ ಹಾವಳಿ ಹಳ್ಳಿಗಳಲ್ಲಿ ಹೆಚ್ಚಿತು. ಸ್ವಾಮಿ ರಮಾನಂದ ತೀರ್ಥರ ಮುಂದಾಳುತನದಲ್ಲಿ ಸ್ಟೇಟ್ ಕಾಂಗ್ರೆಸ್ಸು ಹೋರಾಡಿತು; ಮುಂಡರಗಿಯಂಥ ಗಡಿಯೂರುಗಳಲ್ಲಿ ಶಿಬಿರಗಳು ಎದ್ದವು. 1948ರ ಸೆಪ್ಟೆಂಬರ 13ರಂದು ಭಾರತದ ಸೈನ್ಯ ಬಂದಿತು. 17ರಂದು ನಿಜಾಮರು ಶರಣಾದರು. ಇಷ್ಟು ಪಾಠದ ಪುಸ್ತಕದ ಮಾತು.

ಮಕ್ಕಳ ಕಥೆ ಈ ತಾರೀಖುಗಳ ನಡುವಿನ ಸಂದಿನಲ್ಲಿದೆ. ಹೆಂಗಸರನ್ನೂ ಮಕ್ಕಳನ್ನೂ ಗಡಿಯಾಚೆಯ ಸೊಲ್ಲಾಪುರದ ಕಡೆಗೆ ಕಳಿಸಿ, ಹೊಲ-ಮನೆ ಕಾಯಲು ಗಂಡಸು ಹಿಂದೆ ಉಳಿದ ಕುಟುಂಬಗಳಿದ್ದವು. ಶಹಾಬಾದ, ವಾಡಿಗಳಲ್ಲಿ ರೈಲು ಹತ್ತಬಹುದು. ಸೇಡಂ, ಚಿತ್ತಾಪುರದವರಿಗೆ 1874ರಷ್ಟು ಹಿಂದೆಯೇ ಆದ ವಾಡಿ-ಸಿಕಂದರಾಬಾದ ದಾರಿಯಿದೆ. ಚಿಂಚೋಳಿಯ ಕಡೆ ರೈಲಿಲ್ಲ. ಅಲ್ಲಿಂದ ಹೊರಟವರಿಗೆ ಬಂಡಿ, ಇಲ್ಲವೆ ಕಾಲ್ನಡಿಗೆ. ಅಣ್ಣ ಸಂಸ್ಥಾನದ ನೌಕರಿಯಲ್ಲಿ, ತಮ್ಮ ಶಿಬಿರದಲ್ಲಿ ಎಂಬಂಥ ಮನೆಗಳಿಗೆ ಎರಡೂ ಕಡೆಯ ಸಂಶಯ. ಮತದಿಂದ ಪಕ್ಷವನ್ನು ಅಳೆಯುವಂತೆಯೂ ಇರಲಿಲ್ಲ. ನಿಜಾಮರ ಚಾಕರಿಯಲ್ಲಿ ಹಿಂದೂಗಳಿದ್ದರು. ಸಂಸ್ಥಾನವು ಭಾರತದಲ್ಲಿ ಕೂಡಬೇಕೆಂದು ಬರೆದ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು.

ಕಥೆಗೆ ಇನ್ನೊಂದು ಅರ್ಧವಿದೆ. ಸೆಪ್ಟೆಂಬರದ ನಂತರ ಸೇಡು ತಿರುಗಿತು. ರಜಾಕಾರರಲ್ಲದ ಮುಸಲ್ಮಾನರೂ ಅದಕ್ಕೆ ಬಲಿಯಾದರು. ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ ಮೊದಲಾದವರ ಮಂಡಲಿ 1948ರ ಕೊನೆಗೆ ಸಂಚರಿಸಿ, ಇಡೀ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರದವರೆಗೆ ಇರಬಹುದೆಂದು ಅಂದಾಜು ಮಾಡಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗೆ, ಬೀದರ ಎರಡೂ ಸೇರಿದ್ದವು. ಆ ವರದಿ ಬಹುಕಾಲ ಜನರ ಕೈಗೆ ಬರಲಿಲ್ಲ. ಅದರಲ್ಲಿಯೇ ಇನ್ನೊಂದು ಮಾತಿದೆ: ಹಲವೆಡೆ ಹಿಂದೂಗಳು ಪ್ರಾಣದ ಹಂಗು ತೊರೆದು ಮುಸಲ್ಮಾನ ನೆರೆಯವರನ್ನು ಕಾಯ್ದರು, ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಉಳಿಸಿಕೊಂಡರು. ಮಕ್ಕಳ ಕಥೆ ಹುಡುಕಬೇಕಾದದ್ದು ಇಂಥ ಮನೆಗಳನ್ನು.

ನನ್ನ ಮನಸ್ಸಿಗೆ ತೋರುವ ಒಂದು ಕಥೆಯ ಹಂದರವನ್ನು ಮುಂದಿಡುತ್ತೇನೆ. ಇದು ಕೇವಲ ಕಲ್ಪನೆ. ಕಾಗಿಣೆಯ ದಂಡೆಯ ಒಂದು ಹಳ್ಳಿ. ಬೇಸಿಗೆಯಲ್ಲಿ ಒಬ್ಬ ಹುಡುಗಿ ತಾಯಿಯೊಡನೆ ಸೊಲ್ಲಾಪುರಕ್ಕೆ ಹೊರಡುವಾಗ ಮನೆಯ ಕೀಲಿಕೈಯನ್ನು ನೆರೆಮನೆಯ ಮುಸಲ್ಮಾನ ಗೆಳತಿಯ ಕೈಗೆ ಕೊಡುತ್ತಾಳೆ. ಅವರು ಮನೆಯನ್ನು ಕಾಯುತ್ತಾರೆ. ಮಳೆಗಾಲ ಮುಗಿದು ಇವರು ಮರಳಿ ಬಂದಾಗ ಊರು ತಿರುಗಿಬಿದ್ದಿದೆ. ಈಗ ಓಡಬೇಕಾದವರು ಆ ಗೆಳತಿಯ ಮನೆಯವರು. ಅವರ ಕೀಲಿಕೈಯನ್ನು ಯಾರು ತೆಗೆದುಕೊಳ್ಳಬೇಕು? ಇವಳ ಕಾಕಾ ಬೇಡವೆನ್ನುತ್ತಾನೆ, ಅವ್ವ ಕೈ ಚಾಚುತ್ತಾಳೆ. 'ಒಳ್ಳೆಯವರು ಯಾರು' ಎಂಬ ಪ್ರಶ್ನೆಗೆ ಮಗು ಇಲ್ಲಿ ತಾನೇ ಉತ್ತರ ಕಂಡುಕೊಳ್ಳುವದು.

ಬರೆಯುವವರು ಕಾಲದ ವಿವರಗಳಲ್ಲಿ ಎಚ್ಚರವಾಗಿರಬೇಕು. ಅಂದಿನ ನಮ್ಮ ಹುಡುಗನ ಕಿಸೆಯಲ್ಲಿ ಇದ್ದದ್ದು ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿಗೆ ಆರು ಕಲದಾರ ರೂಪಾಯಿ. ಸೊಲ್ಲಾಪುರದಲ್ಲಿ ಅದು ನಡೆಯದು. ಗಡಿಯಲ್ಲಿ ಕರೋಡಗಿರಿ ನಾಕೆ ದಾಟಬೇಕು. ಕಾಗದಪತ್ರಗಳಲ್ಲಿ ಆಜುರ್, ದೈ, ಬಹಮನ್ ತಿಂಗಳುಗಳ ಫಸಲಿ ವರ್ಷ. ಸರಕಾರದ ಕೆಲಸವೆಲ್ಲ ಉರ್ದುವಿನಲ್ಲಿ, ಮನೆಯ ಮಾತು ಕನ್ನಡ, ಸಂತೆಯಲ್ಲಿ ಎರಡರ ಜೊತೆಗೆ ತೆಲುಗು. ಮಾತುಗಳನ್ನು ಗ್ರಾಂಥಿಕ ಮಾಡಬೇಡಿರಿ. ಈ ಭಾಗದ ಅವ್ವ 'ಎಲ್ಲಿಗೆ ಹೊರಟೀ' ಎಂದು ಕೇಳಿದರೇ ಮಗುವಿಗೆ ಅವಳು ಜೀವಂತ. ರಕ್ತವನ್ನು ತೋರಿಸಬೇಕಾಗಿಲ್ಲ, ಮುಚ್ಚಿದ ಬಾಗಿಲು, ಬಾರದ ಪತ್ರ, ಶಾಲೆಯಲ್ಲಿ ಬರಿದಾದ ಒಂದು ಜಾಗ ಸಾಕು.

"ಮಾಯ್ದ ಗಾಯವನ್ನು ಮಕ್ಕಳ ಮುಂದೆ ಏಕೆ ಕೆದಕಬೇಕು?" ಎಂದು ಕೇಳುವ ಹಿರಿಯರಿದ್ದಾರೆ. ಅವರ ಭಯವನ್ನು ನಾನು ಹಗುರಾಗಿ ಕಾಣುವದಿಲ್ಲ. ಆದರೆ ನಾವು ಹೇಳದಿದ್ದರೆ ಮಕ್ಕಳು ಕೇಳದೆ ಇರುವರೆ? ಜಗಲಿಯ ಮೇಲೆ, ಚುನಾವಣೆಯ ಗದ್ದಲದಲ್ಲಿ, ಒಂದೊಂದು ಮನೆಯಲ್ಲಿ ಒಂದೊಂದು ಅರ್ಧವನ್ನು ಕೇಳಿಯೇ ಕೇಳುತ್ತಾರೆ. ಒಬ್ಬನಿಗೆ ರಜಾಕಾರರ ಕಥೆ ಮಾತ್ರ ಗೊತ್ತು, ಇನ್ನೊಬ್ಬನಿಗೆ ಸೆಪ್ಟೆಂಬರದ ನಂತರದ್ದು ಮಾತ್ರ ಗೊತ್ತು. ಇಬ್ಬರೂ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕೂಡುತ್ತಾರೆ. ಎರಡೂ ಅರ್ಧಗಳಿರುವ ಒಂದು ಪುಸ್ತಕ ಅವರ ನಡುವೆ ಬೇಕಾಗಿದೆ. 1956ರಲ್ಲಿ ನಾಡು ಒಂದಾದಾಗ ಗುಲಬರ್ಗೆ ಜಿಲ್ಲೆಯ ಕೊಡಂಗಲ್ಲು, ತಾಂಡೂರು ತಾಲೂಕುಗಳು ಆಂಧ್ರಕ್ಕೆ ಹೋದವು. ಇಂದು ಅವು ತೆಲಂಗಾಣದಲ್ಲಿವೆ. ಸೇಡಂ, ಚಿಂಚೋಳಿಯ ಎಷ್ಟೋ ಮನೆಗಳ ಬೀಗರು ಗಡಿಯಾಚೆ ಉಳಿದರು. ಆದರೂ ಕೊಡು-ಕೊಳ್ಳುವದು ನಿಂತಿಲ್ಲ. ಒಡೆದದ್ದು ಕೂಡುವ ಬಗೆಯೂ ನಮ್ಮವರಿಗೆ ಗೊತ್ತು. ಕಥೆಗಾರನು ಅದನ್ನೂ ಬರೆಯಲಿ.

ಕಾಲ ಮಾತ್ರ ಕಾಯುವದಿಲ್ಲ. 1948ರಲ್ಲಿ ಒಂಬತ್ತು ವರ್ಷದವರಾಗಿದ್ದವರು ಈಗ 85 ದಾಟಿದ್ದಾರೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅಂಥವರೊಬ್ಬರಿದ್ದರೆ ಮಕ್ಕಳನ್ನು ಅವರ ಬಳಿ ಕೂಡಿಸಿರಿ. ಯಾವ ದಾರಿಯಿಂದ ಹೋದಿರಿ, ಏನು ಉಂಡಿರಿ, ಯಾರು ಬಾಗಿಲು ತೆರೆದರು ಎಂದು ಕೇಳಿಸಿರಿ. ಅವರು ಹೇಳಿದ್ದನ್ನು ತಿದ್ದದೆ ಬರೆದುಕೊಳ್ಳಲು ಹೇಳಿರಿ. ಹಿಂದೂ ಅಜ್ಜಿಯ ಮಾತನ್ನು ಬರೆದುಕೊಂಡ ಹುಡುಗ ಮುಂದಿನ ವಾರ ಮುಸಲ್ಮಾನ ಅಜ್ಜನ ಬಳಿ ಕೂಡಲಿ. ಚಿತ್ತಾಪುರದ ಬಳಿಯ ನಾಗಾವಿಯ ವಿದ್ಯಾಶಾಲೆಯಲ್ಲಿ ಪುಸ್ತಕಗಳನ್ನು ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು 1058ರ ಶಾಸನ ಹೇಳುತ್ತದೆ. ಅದೇ ನೆಲದ ನಮ್ಮ ಶಾಲೆಗಳ ಕಪಾಟಿನಲ್ಲಿ ಈ ಮಕ್ಕಳ ನೋಟುಬುಕ್ಕುಗಳಿಗೆ ಒಂದು ಗೇಣು ಜಾಗ ಸಿಕ್ಕರೆ, ನಾಳೆ ಕಾದಂಬರಿ ಬರೆಯುವವರಿಗೆ ಅದೇ ಮೂಲಧನ. ಈ ರಜೆಯಲ್ಲಿಯೇ ಆ ಕೆಲಸಕ್ಕೆ ಕೈಹಚ್ಚಿರೆಂದು ಬಿನ್ನವಿಸಿ, ನನ್ನ ಮಾತನ್ನು ಮುಗಿಸುತ್ತೇನೆ.