ಮತ್ತೆ ಆಡು ಕಟ್ಟುವ ಮುಂಚೆ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ದಿನ ಆಡು ಸಾಕಣೆಯ ಬಗ್ಗೆ ನಾಲ್ಕು ಮಾತು ಹೇಳಲು ನನಗೆ ಅಪ್ಪಣೆಯಾಗಿದೆ. ಈಗೀಗ ಸಾಲದ ಅರ್ಜಿಯೊಳಗ ಆಡಿನವು ಹೆಚ್ಚಾಗ್ಯಾವ. ಸಂತೋಷ. ಆದರ ಅರ್ಜಿ ಕೊಟ್ಟವರೊಳಗ ಬಹಳ ಮಂದಿ ಮನೆಯಾಗ ಆಡು ಇದ್ದದ್ದು ಅವರ ಅಜ್ಜಿಯ ಕಾಲಕ್ಕ.

1970ರ ದಶಕದಲ್ಲಿ ನವಿಲುತೀರ್ಥದ ಆಣೆಕಟ್ಟಿನಿಂದ ಸವದತ್ತಿ, ರಾಮದುರ್ಗದ ಕಡೆ ಕಾಲುವೆ ನೀರು ಬಂತು. ಬೈಲಹೊಂಗಲ, ಕಿತ್ತೂರ ಕಡೆ ಕಬ್ಬು ಹಬ್ಬಿತು. ಮೇಯಿಸುವ ಜಾಗ ಕರಗಿತು, ಕಾಯುವ ಹುಡುಗರು ಸಾಲಿಗೆ ಹೋದರು. ಅವರು ಸಾಲಿಗೆ ಹೋಗಿದ್ದು ಒಳ್ಳೇದ ಆತು ಬಿಡ್ರಿ. ಆದರೆ ಆಡಿನ ಕೂಡ ಅದರ ತಿಳಿವಳಿಕೆಯೂ ಮನೆ ಬಿಟ್ಟಿತು.

ಮೊದಲು ಕೊಟ್ಟಿಗೆ ನೋಡ್ರಿ. ಹಳೆ ಕೊಟ್ಟಿಗೆಯಲ್ಲಿ ಈಗ ಯೂರಿಯಾ ಚೀಲ ಇಟ್ಟಿರುತ್ತೇವೆ. ಚೆಲ್ಲಿದ ಯೂರಿಯಾ ನೆಕ್ಕಿದರೆ ಆಡು ಉಳಿಯೂದಿಲ್ಲ. ಮೇಲಿನ ಮಣ್ಣು ತೆಗೆದು ಹೊಸ ಮಣ್ಣು ಹಾಕಿ, ಗೋಡೆಗೆ ಸುಣ್ಣ ಬಳಿಯಿರಿ.

ಒಮ್ಮೆಗೇ ಇಪ್ಪತ್ತು ಆಡು ತರಬ್ಯಾಡ್ರಿ. ನಾಲ್ಕರಿಂದ ಸುರು ಮಾಡ್ರಿ. ಉಸ್ಮಾನಾಬಾದಿ ತಳಿ ನಮ್ಮ ಒಣ ಹವೆಗೆ ಒಗ್ಗುತ್ತದೆ, ಅವಳಿ ಮರಿಯನ್ನೂ ಹಾಕುತ್ತದೆ. ಸಂತೆಯಿಂದ ತಂದದ್ದನ್ನು ಮೂರು ವಾರ ಬ್ಯಾರೆ ಕಟ್ಟಬೇಕು. ಹಿರೇಬೇನೆ, ಅಂದರೆ ಪಿಪಿಆರ್ ಹೊಕ್ಕರೆ ಜ್ವರ, ಮೂಗಿನಾಗ ಸಿಂಬಳ, ಬಾಯಿ ಹುಣ್ಣು, ಭೇದಿ, ಹಿಂಡೇ ಖಾಲಿಯಾಗಬಹುದು. ಸಾಲ ಮಾತ್ರ ಉಳೀತದ! ಮೂರು ತಿಂಗಳು ದಾಟಿದ ಮರಿಗೆ ಒಮ್ಮೆ ಹಾಕಿಸಿದ ಲಸಿಕೆ ಸುಮಾರು ಮೂರು ವರ್ಷ ಕಾಯುತ್ತದೆ. ಕರುಳು ಬೇನೆಯ ಲಸಿಕೆ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಬೇಕು.

ಆಡು ಗಬ್ಬಿರುವುದು ಸುಮಾರು 150 ದಿನ. ಮಿರಗದ ಮಳೆಗೆ ಹೋತ ಕೂಡಿಸಿದರೆ ದೀಪಾವಳಿ ಸುಮಾರಿಗೆ ಮರಿ ಬರುತ್ತವೆ. ಆಗ ಜಡಿಮಳೆ ಇಲ್ಲ, ಬದುವಿನ ಮೇಲೆ ಹಸಿರು ಇನ್ನೂ ಇರುತ್ತದೆ. ಕೂಡಿಸುವ ಎರಡು-ಮೂರು ವಾರ ಮುಂಚಿನಿಂದ ದಿನಾ ಒಂದು ಹಿಡಿ ಗೋವಿನಜೋಳದ ನುಚ್ಚು ಕೊಟ್ಟರೆ ಅವಳಿಯ ಸಂಭವ ಹೆಚ್ಚು. ಬೆದೆ ತಪ್ಪಿದರೆ ಮತ್ತೆ ಮೂರು ವಾರಕ್ಕೆ ಬರುತ್ತದೆ, ಲೆಕ್ಕ ಇಡ್ರಿ. ವರ್ಷ ತುಂಬದ ಹೆಣ್ಣುಮರಿಗೆ ಅವಸರ ಮಾಡಬ್ಯಾಡ್ರಿ. ಮರಿ ಹುಟ್ಟಿದ ತಾಸಿನೊಳಗೆ ಗಿಣ್ಣದ ಹಾಲು ಕುಡಿಸಲೇಬೇಕು; ಹೊಕ್ಕಳಿಗೆ ಟಿಂಚರ್ ಹಚ್ಚಬೇಕು.

ಹೋತದ ಮಾತು. ಇದು ನನ್ನ ಮುಖ್ಯ ಮಾತು. ನಾಲ್ಕು ಆಡಿಗೆ ಒಂದು ಹೋತ ಸಾಕುವುದು ಬಡವರಿಗೆ ಭಾರ. ಅದಕ್ಕ ಮನೆಯ ಗಂಡುಮರಿಯನ್ನೇ ಬಿಟ್ಟುಕೊಂಡು, ತಾಯಿಗೂ ತಂಗಿಗೂ ಅದನ್ನೇ ಕೂಡಿಸುತ್ತಾರೆ. ಸಂತಾನ ಕುಗ್ಗುತ್ತದೆ, ಮರಿ ಸಾಯುತ್ತವೆ. ಒಂದು ಹೋತ 25-30 ಆಡಿಗೆ ಸಾಕು. ಸಂಘದ ಹಣದಿಂದ ಒಂದು ಒಳ್ಳೆಯ ಹೋತ ತಂದು, ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ಏಳೆಂಟು ಮನೆಗಳ ಚಿಂತೆ ಕಳೆಯುತ್ತದೆ. ಯಾರ ಮನೆಯಲ್ಲಿ ಕಟ್ಟಬೇಕು, ಮೇವಿನ ಖರ್ಚು ಯಾರದು ಎಂಬ ಜಗಳ ಬಂದೇ ಬರುತ್ತದೆ. ಅದನ್ನು ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಠರಾವು ಮಾಡಿ ಬಗೆಹರಿಸಬೇಕೆಂದು ಆಡಳಿತ ಮಂಡಳಿಯವರಲ್ಲಿ ಕೇಳಿಕೊಳ್ಳುತ್ತೇನೆ.