ಉಪದೇಶಿಗಳ ಋಣ



ನಮ್ಮ ಪದ್ಮನಾಭನಗರದಿಂದ ಕನಕಪುರದ ಕಡೆಗೆ ಹೊರಟರೆ ಹಾರೋಬೆಲೆಯಂತಹ ಹಳೆಯ ಕ್ರೈಸ್ತ ಗ್ರಾಮಗಳು ಸಿಗುತ್ತವೆ. ಹಳ್ಳಿಯ ಧರ್ಮಕೇಂದ್ರದಲ್ಲಿ ಬೆಳೆದವರಿಗೆ ಉಪದೇಶಿ ಎಂದರೆ ಯಾರೆಂದು ಹೇಳಬೇಕಾಗಿಲ್ಲ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಅಬ್ಬೆ ದ್ಯುಬುವಾ ಅವರು ಮೈಸೂರು ಸೀಮೆಗೆ ಬಂದು, ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಿದರು. 1823ರಲ್ಲಿ ಸ್ವದೇಶಕ್ಕೆ ಮರಳಿದರು. ಅಂದು ಹಲವು ಹಳ್ಳಿಗಳಿಗೆ ಒಬ್ಬರೇ ಗುರುಗಳು. ಅವರು ಊರಲ್ಲಿಲ್ಲದ ದಿನಗಳಲ್ಲಿ ಮಕ್ಕಳಿಗೆ ಜಪ ಕಲಿಸಿದವರು, ಸಾಯುವ ಶಿಶುವಿಗೆ ಜ್ಞಾನಸ್ನಾನವನ್ನಿತ್ತವರು, ಸಮಾಧಿಯ ಬಳಿ ಪ್ರಾರ್ಥನೆ ನಡೆಸಿದವರು ಉಪದೇಶಿಗಳು. ಪೂಜೆ ಲ್ಯಾಟಿನ್ ಭಾಷೆಯಲ್ಲಿದ್ದ ಕಾಲದಲ್ಲಿ ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದವರೂ ಅವರೇ.

ಗುರುಗಳಾದ ನಾವು ವರ್ಗವಾಗಿ ಹೋಗುತ್ತೇವೆ. ಉಪದೇಶಿ, ಗಂಟೆ ಬಾರಿಸುವವರು, ಗುರುಮನೆಯ ಅಡಿಗೆಯವರು ಅಲ್ಲಿಯೇ ಉಳಿಯುತ್ತಾರೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ ಎಂಬುದನ್ನು ಹೊಸ ಗುರುಗಳಿಗೆ ತಿಳಿಸುವವರು ಅವರು. ಆದರೂ ದೇವಾಲಯದ ಫಲಕದ ಮೇಲೆ ಗುರುಗಳ ಹೆಸರು ಮಾತ್ರ ಕಾಣುತ್ತದೆ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಧರ್ಮಪ್ರಸಾರದ ವಿಷಯವಾಗಿ ಹೊರಡಿಸಿದ ಆದೇಶದಲ್ಲಿ, ಉಪದೇಶಿಗಳಿಗೆ ನ್ಯಾಯವಾದ ವೇತನವೂ ಜೀವನದ ಭದ್ರತೆಯೂ ದೊರೆಯಬೇಕೆಂದು ವಿಧಿಸಿತು. ಹೀಗಿರುವಲ್ಲಿ, ಸಂಬಳದ ಮಾತು ಬಂದಾಗ 'ಇದು ದೇವರ ಸೇವೆ' ಎಂದು ಹೇಳಿ ಜಾರಿಕೊಳ್ಳುವುದು ಧರ್ಮವಲ್ಲ. ಸೇವೆ ದೇವರದಾದರೂ ಹಸಿವು ಮನುಷ್ಯನದು.

ಶತಮಾನೋತ್ಸವದ ದೀಪಾಲಂಕಾರಕ್ಕೆ ಲೆಕ್ಕ ಬರೆಯುವ ಮುನ್ನ ಇವರ ಮುಪ್ಪಿನ ದಿನಗಳಿಗೆಂದು ಒಂದು ನಿಧಿಯನ್ನು ತೆಗೆದಿರಿಸೋಣ. ಅದು ದಾನವಲ್ಲ, ಸಲ್ಲಬೇಕಾದ ಋಣ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.